ಹಾಸನದಿಂದ ಹೊರಡುವ ನರ್ಸ್‌ಗಳಿಗೆ: ಊರೂರು ಸುತ್ತುವ ಕೆಲಸಕ್ಕೆ ತಯಾರಾಗೋದು ಹೇಗೆ?

ತಿಂಗಳಿಗೆ ಒಂದಾದರೂ ಇಂಥ ಫೋನ್ ಬರುತ್ತದೆ. ಹಾಸನದಲ್ಲೋ ಚನ್ನರಾಯಪಟ್ಟಣದಲ್ಲೋ ನರ್ಸಿಂಗ್ ಮುಗಿಸಿದ ಹುಡುಗಿ. ಈಚೆಗೆ ಹುಡುಗರೂ ಮಾಡುತ್ತಾರೆ. "ಅಕ್ಕಾ, ಅಮೆರಿಕದಲ್ಲಿ ಟ್ರಾವೆಲ್ ನರ್ಸಿಂಗ್ ಅಂತ ಇದೆಯಂತೆ. ಮೂರು ತಿಂಗಳು ಒಂದೂರು, ಮೂರು ತಿಂಗಳು ಇನ್ನೊಂದೂರು. ದುಡ್ಡೂ ಜಾಸ್ತಿಯಂತೆ. ರೀಲ್ಸಲ್ಲಿ ನೋಡ್ದೆ. ನಮಗೂ ಆಗುತ್ತಾ?"

ಒಂದೇ ಮಾತಲ್ಲಿ ಹೌದು, ಇಲ್ಲ ಅನ್ನೋಕೆ ಆಗಲ್ಲ. ಫೋನಲ್ಲಿ ಹೇಳಿ ಹೇಳಿ ಗಂಟಲು ಒಣಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸಕಲೇಶಪುರ ತಾಲ್ಲೂಕಿನವಳು. ಅಪ್ಪ ಕಾಫಿ ಎಸ್ಟೇಟ್‌ನಲ್ಲಿ ರೈಟರ್ ಆಗಿದ್ದರು. ಹಾಸನದಲ್ಲಿ ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಮಾಡಿದೆ. ಆಮೇಲೆ ಬೆಂಗಳೂರು, ಮಂಗಳೂರು, ಒಮಾನ್ ಅಂತ ಹನ್ನೊಂದು ವರ್ಷ ಸುತ್ತಿ, ಈಗ ಹಾಸನಕ್ಕೇ ವಾಪಸ್ ಬಂದು ಒಂದು ಐಸಿಯು ನೋಡಿಕೊಳ್ಳುತ್ತಿದ್ದೇನೆ. ಒಟ್ಟು ಆರು ಆಸ್ಪತ್ರೆ. ಆರು ಸಲ "ಹೊಸ ಸಿಸ್ಟರ್" ಅನ್ನಿಸಿಕೊಂಡಿದ್ದೇನೆ. ಇಲ್ಲಿರುವುದೆಲ್ಲ ಆ ಅನುಭವದಿಂದ ಬಂದದ್ದು. ಅಮೆರಿಕದ ವಿಷಯ ಮಾತ್ರ, ಅಲ್ಲಿ ಈ ಕೆಲಸವನ್ನೇ ಮಾಡುತ್ತಿರುವ ನನ್ನ ಕ್ಲಾಸ್‌ಮೇಟ್‌ ಒಬ್ಬಳಿಂದ ಕೇಳಿದ್ದು.

ಮೊದಲು, ಈ ಕೆಲಸ ಏನು ಅಂತ ತಿಳಿದುಕೊಳ್ಳಿ

ನಮ್ಮ ಕಡೆ ಕಾಫಿ ಕುಯ್ಲು ಬಂತು ಅಂದರೆ ತೋಟದ ಕಾಯಂ ಆಳುಗಳು ಸಾಲುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಹೊರಗಿನಿಂದ ಜನ ಬರುತ್ತಾರೆ. ಲೈನ್ ಮನೆಯಲ್ಲಿ ಉಳಿಯುತ್ತಾರೆ. ಕುಯ್ಲು ಮುಗಿದರೆ ಹೊರಟರು. ಅಮೆರಿಕದ ಟ್ರಾವೆಲ್ ನರ್ಸಿಂಗ್ ಹೆಚ್ಚುಕಮ್ಮಿ ಇದೇ. ಚಳಿಗಾಲದಲ್ಲಿ ಉತ್ತರದ ರಾಜ್ಯಗಳ ವಯಸ್ಸಾದವರು ಫ್ಲಾರಿಡಾ, ಅರಿಝೋನಾ ಕಡೆ ಬಿಸಿಲು ಹುಡುಕಿಕೊಂಡು ಹೋಗುತ್ತಾರೆ. ಅಲ್ಲಿನ ಆಸ್ಪತ್ರೆ ಬೆಡ್ ತುಂಬುತ್ತವೆ. ಇನ್ನೆಲ್ಲೋ ಒಂದು ವಾರ್ಡ್‌ನಲ್ಲಿ ನಾಲ್ಕು ಜನ ಒಟ್ಟಿಗೆ ಹೆರಿಗೆ ರಜೆಗೆ ಹೋಗಿರುತ್ತಾರೆ. ಆ ಕಿಂಡಿ ತುಂಬೋಕೆ ಏಜೆನ್ಸಿ ಮೂಲಕ ನರ್ಸ್ ಬರುತ್ತಾರೆ. ಒಪ್ಪಂದ ಸಾಮಾನ್ಯವಾಗಿ 13 ವಾರದ್ದು. ವಾರಕ್ಕೆ 12 ಗಂಟೆಯ ಮೂರು ಶಿಫ್ಟ್, ಒಟ್ಟು 36 ಗಂಟೆ. ಬೇಕಿದ್ದರೆ ಮುಂದುವರಿಸುತ್ತಾರೆ, ಇಲ್ಲದಿದ್ದರೆ ಗಂಟು ಕಟ್ಟಿಕೊಂಡು ಮುಂದಿನ ಊರು.

ಅಲ್ಲಿ ಇದು ನಡೆಯೋಕೆ ಎರಡು ಏರ್ಪಾಡು ನೆರವಾಗುತ್ತವೆ. ಒಂದು, ಲೈಸೆನ್ಸ್. ಅಮೆರಿಕದಲ್ಲಿ ನರ್ಸ್ ಲೈಸೆನ್ಸ್ ರಾಜ್ಯ ರಾಜ್ಯಕ್ಕೆ ಬೇರೆ. ಆದರೆ 40ಕ್ಕೂ ಹೆಚ್ಚು ರಾಜ್ಯಗಳು ಸೇರಿ ನರ್ಸ್ ಲೈಸೆನ್ಶರ್ ಕಾಂಪ್ಯಾಕ್ಟ್ ಅಂತ ಮಾಡಿಕೊಂಡಿವೆ. ಅಂಥ ರಾಜ್ಯದಲ್ಲಿ ಮನೆ ಇದ್ದು ಅಲ್ಲಿನ ಲೈಸೆನ್ಸ್ ಇದ್ದರೆ, ಉಳಿದ ರಾಜ್ಯಗಳಲ್ಲೂ ಅದರ ಮೇಲೇ ಕೆಲಸ ಮಾಡಬಹುದು. ಕ್ಯಾಲಿಫೋರ್ನಿಯಾ ಇದರಲ್ಲಿ ಇಲ್ಲ, ಅಲ್ಲಿಗೆ ಬೇರೆ ಅರ್ಜಿ. ಎರಡು, ಸಂಬಳದ ರಚನೆ. ಗಂಟೆಗೆ ಇಷ್ಟು ಅನ್ನುವ ಸಂಬಳದ ಜೊತೆ ಮನೆ ಬಾಡಿಗೆ, ಊಟದ ಭತ್ಯೆ ಬೇರೆ ಕೊಡುತ್ತಾರೆ. ನಿಮಗೆ ಇನ್ನೊಂದು ಕಡೆ ಕಾಯಂ ಮನೆ ಇದ್ದು ಅದಕ್ಕೂ ಖರ್ಚು ಮಾಡುತ್ತಿದ್ದರೆ ಮಾತ್ರ ಆ ಭತ್ಯೆಗೆ ತೆರಿಗೆ ಇಲ್ಲ. ಒಂದೇ ಊರಲ್ಲಿ ವರ್ಷಕ್ಕಿಂತ ಜಾಸ್ತಿ ಕೂತರೆ ಆ ವಿನಾಯಿತಿಯೂ ಹೋಯಿತು. ರೀಲ್ಸ್‌ನಲ್ಲಿ ತೋರಿಸುವ ವಾರದ ದೊಡ್ಡ ಮೊತ್ತದಲ್ಲಿ ಈ ಭತ್ಯೆಯೂ ಸೇರಿರುತ್ತದೆ. ಕೆಲಸ ಇಲ್ಲದ ವಾರಗಳು ಮಾತ್ರ ಅದರಲ್ಲಿ ಕಾಣುವುದಿಲ್ಲ.

ಇಲ್ಲಿಂದ ನೇರವಾಗಿ ಆ ಕೆಲಸಕ್ಕೆ ಹಾರೋಕೆ ಆಗಲ್ಲ. ಮೊದಲು ಎನ್‌ಕ್ಲೆಕ್ಸ್, ಅಂದರೆ ಅಮೆರಿಕದ ನರ್ಸ್ ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು. ಕಂಪ್ಯೂಟರ್ ಪರೀಕ್ಷೆ, 85ರಿಂದ 150 ಪ್ರಶ್ನೆ, ಐದು ಗಂಟೆ. ನೀವು ಉತ್ತರ ಕೊಟ್ಟ ಹಾಗೆ ಮುಂದಿನ ಪ್ರಶ್ನೆಯ ಮಟ್ಟ ಏರುತ್ತೆ, ಇಳಿಯುತ್ತೆ. ಕೇಂದ್ರ ಬೆಂಗಳೂರಿನಲ್ಲೇ ಇದೆ. ಆಮೇಲೆ ಇಂಗ್ಲಿಷ್ ಪರೀಕ್ಷೆ, ವೀಸಾಕ್ಕೆ ಬೇಕಾದ ವೀಸಾಸ್ಕ್ರೀನ್ ಅನ್ನುವ ಅರ್ಹತಾ ಪ್ರಮಾಣಪತ್ರ. ಇಷ್ಟನ್ನೂ ಹಟ ಹಿಡಿದು ಓದಿದರೆ ಮುಗಿಸಬಹುದು. ಕಷ್ಟ ಇರುವುದು ವೀಸಾದಲ್ಲಿ. ನರ್ಸ್‌ಗಳು ಹೋಗುವ ಇಬಿ-3 ಅನ್ನುವ, ಕೆಲಸದ ಮೇಲೆ ಗ್ರೀನ್ ಕಾರ್ಡ್ ಸಿಗುವ ದಾರಿಯಲ್ಲಿ ಭಾರತದಲ್ಲಿ ಹುಟ್ಟಿದವರ ಸಾಲು ಹತ್ತು ವರ್ಷಕ್ಕೂ ಹಿಂದಿದೆ. ನನ್ನ ಕ್ಲಾಸ್‌ಮೇಟ್‌ಗೆ ಬೇಗ ಆಗಿದ್ದು ಗಂಡನ ಕಡೆಯಿಂದ ಗ್ರೀನ್ ಕಾರ್ಡ್ ಬಂದಿದ್ದಕ್ಕೆ. ಅವಳೂ ಮೊದಲು ಒಂದೇ ಆಸ್ಪತ್ರೆಯಲ್ಲಿ ಎರಡು ವರ್ಷ ಕಾಯಂ ಕೆಲಸ ಮಾಡಿ, ಆಮೇಲೆ ಟ್ರಾವೆಲ್‌ಗೆ ಇಳಿದಳು. "ಆರು ತಿಂಗಳಲ್ಲಿ ಅಮೆರಿಕ" ಅಂತ ಯಾರಾದರೂ ಹಾಸನದ ಲಾಡ್ಜ್ ಹಾಲ್‌ನಲ್ಲಿ ಸೆಮಿನಾರ್ ಮಾಡಿದರೆ, ಕೊಟ್ಟ ಕಾಫಿ ಕುಡಿದು ಎದ್ದು ಬನ್ನಿ.

ಹಾಗಂತ ಸುತ್ತುವ ಕೆಲಸ ನಮಗಿಲ್ಲ ಅಂತಲ್ಲ. ಹೆಸರು ಬೇರೆ, ಅಷ್ಟೇ. ಬೆಂಗಳೂರು, ಮಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ವರ್ಷದ ಒಪ್ಪಂದ ಇದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಹುದ್ದೆ ಇದೆ. ಹೋಂ ಕೇರ್ ಇದೆ. ಗಲ್ಫ್‌ನ ಎರಡು ವರ್ಷದ ಒಪ್ಪಂದ ಇದೆ. 2018ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ತಾತ್ಕಾಲಿಕ ಆಸ್ಪತ್ರೆ ಮಾಡಿದ್ದರು. ಕೋವಿಡ್ ಕಾಲದಲ್ಲಿ ಯಾರ್ಯಾರನ್ನೋ ಎಲ್ಲೆಲ್ಲಿಗೋ ಹಾಕಿದರು. ಪರಿಚಯವೇ ಇಲ್ಲದ ವಾರ್ಡ್‌ಗೆ ಹೋಗಿ ಮೊದಲ ದಿನವೇ ಪೇಷಂಟ್ ಹಿಡಿಯಬೇಕು. ಕೆಲಸದ ತಿರುಳು ಎಲ್ಲ ಕಡೆಯೂ ಅದೇ.

ಹೆಜ್ಜೆ 1: ಒಂದೇ ವಾರ್ಡ್‌ನಲ್ಲಿ ಎರಡು ವರ್ಷ ಕೂತುಬಿಡಿ

ಸುತ್ತಬೇಕು ಅಂತ ಇರುವವರಿಗೆ ಕೂತಿರಿ ಅಂದರೆ ಸಿಟ್ಟು ಬರುತ್ತದೆ. ಬರಲಿ. ಸುತ್ತುವ ನರ್ಸ್‌ಗೆ ಹೊಸ ಆಸ್ಪತ್ರೆಯವರು ಕೆಲಸ ಕಲಿಸುವುದಿಲ್ಲ. ಬಾತ್‌ರೂಂ ಎಲ್ಲಿದೆ, ಕಂಪ್ಯೂಟರ್ ಪಾಸ್‌ವರ್ಡ್ ಏನು ಅಂತ ಹೇಳಿ, ಪೇಷಂಟ್ ಕೊಡುತ್ತಾರೆ. ಕೆಲಸ ಕೈಗೆ ಮೊದಲೇ ಕೂತಿರಬೇಕು. ಗಲ್ಫ್ ಆಗಲಿ, ಅಮೆರಿಕದ ಏಜೆನ್ಸಿ ಆಗಲಿ, ಸಾಮಾನ್ಯವಾಗಿ ಎರಡು ವರ್ಷದ ಅನುಭವ ಕೇಳುವುದು ಇದಕ್ಕೇ.

ಯಾವ ವಾರ್ಡ್? ಐಸಿಯು, ಎಮರ್ಜೆನ್ಸಿ, ಆಪರೇಷನ್ ಥಿಯೇಟರ್, ಡಯಾಲಿಸಿಸ್, ಲೇಬರ್ ವಾರ್ಡ್, ನವಜಾತ ಶಿಶು ಘಟಕ, ಕ್ಯಾಥ್ ಲ್ಯಾಬ್. ಇವುಗಳಿಗೆ ಎಲ್ಲಿ ಹೋದರೂ ಬೇಡಿಕೆ ಇದೆ. ಮೂರು ತಿಂಗಳು ಓಪಿಡಿ, ಮೂರು ತಿಂಗಳು ಜನರಲ್ ವಾರ್ಡ್, ಆರು ತಿಂಗಳು ರಿಸೆಪ್ಷನ್ ಅಂತ ಓಡಾಡಿಸಿದ ಅನುಭವಕ್ಕೆ ಹೊರಗೆ ಬೆಲೆ ಸಿಗಲ್ಲ. ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಬಾಯಿ ಬಿಟ್ಟು ಕೇಳಿ: "ಸಿಸ್ಟರ್, ನನ್ನನ್ನು ಐಸಿಯುಗೇ ಹಾಕಿ." ಎರಡು ಸಲ ಬೈಯುತ್ತಾರೆ, ಮೂರನೇ ಸಲ ಹಾಕುತ್ತಾರೆ.

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿ ಟಿವಿ ತುಂಬ ಓಡಿತಲ್ಲ, ಆಗ ಎಲ್ಲ ಕಡೆ ಇಸಿಜಿಗೆ ಸಾಲು. ಮಷಿನ್ ಹಾಕುವವರು ಇದ್ದರು. ಪೇಪರ್ ನೋಡಿದ ತಕ್ಷಣ "ಡಾಕ್ಟರ್, ಇದನ್ನ ಮೊದಲು ನೋಡಿ" ಅನ್ನುವ ನರ್ಸ್‌ಗಳು ಕಮ್ಮಿ ಇದ್ದರು. ಎರಡು ವರ್ಷ ಕೂತರೆ ಬರುವುದು ಆ ಕಣ್ಣು. ಅದರ ಜೊತೆ ಬಿಎಲ್‌ಎಸ್, ಎಸಿಎಲ್‌ಎಸ್ ಅನ್ನುವ, ಹೃದಯ ನಿಂತಾಗ ಜೀವ ಉಳಿಸುವ ತರಬೇತಿಗಳನ್ನು ಮಾಡಿಕೊಳ್ಳಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕಾರ್ಡ್ ಎರಡೇ ವರ್ಷ ನಡೆಯುತ್ತದೆ, ಹಾಗಾಗಿ ಹೊರಡುವ ಸಮಯ ನೋಡಿಕೊಂಡು ಮಾಡಿ.

ಹೆಜ್ಜೆ 2: ಕಾಗದದ ಫೈಲ್

ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನನ್ನನ್ನು ಸುಟ್ಟಿದ್ದು ಇದೇ.

ಬೆಂಗಳೂರಿನ ಮೊದಲ ಆಸ್ಪತ್ರೆ. ಸೇರುವ ದಿನ ಎಚ್‌ಆರ್ ಮೇಜಿನ ಮೇಲೆ ನನ್ನ ಮೂರು ವರ್ಷದ ಅಸಲಿ ಮಾರ್ಕ್ಸ್ ಕಾರ್ಡ್, ರಿಜಿಸ್ಟ್ರೇಷನ್ ಪತ್ರ ಇಟ್ಟೆ. "ವೆರಿಫಿಕೇಷನ್ ಆದಮೇಲೆ ಕೊಡ್ತೀವಿ" ಅಂದರು. ಒಂದು ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಮೇಲೆ ನನ್ನ ಹೆಸರು ಬರೆದು ಬೀರುವಿನಲ್ಲಿ ಇಟ್ಟರು. ಹನ್ನೊಂದು ತಿಂಗಳಾದ ಮೇಲೆ ಮಂಗಳೂರಿನಲ್ಲಿ ಒಳ್ಳೆ ಕಾರ್ಡಿಯಾಕ್ ಐಸಿಯು ಕೆಲಸ ಸಿಕ್ಕಿತು. ಅಸಲಿ ಕೇಳಿದರೆ ಬಾಂಡ್ ಮುಗಿದಿಲ್ಲ, ಐವತ್ತು ಸಾವಿರ ಕಟ್ಟು ಅಂದರು. ಬಾಂಡ್‌ಗೆ ನಾನೇ ಸೈನ್ ಹಾಕಿದ್ದೆ. ಓದಿರಲಿಲ್ಲ. ನಾಲ್ಕು ತಿಂಗಳು ಅಲೆದೆ. ಕಾಗದ ಕೈಗೆ ಬರುವ ಹೊತ್ತಿಗೆ ಆ ಮಂಗಳೂರಿನ ಜಾಗಕ್ಕೆ ಬೇರೆಯವರು ಬಂದು, ಕೆಲಸ ಕಲಿತು, ಹಳಬರೂ ಆಗಿದ್ದರು. ನಾನು ಮಂಗಳೂರು ಸೇರಿದ್ದು ಅದಾಗಿ ಎರಡು ವರ್ಷಕ್ಕೆ, ಬೇರೆ ಆಸ್ಪತ್ರೆಗೆ.

ಅದಕ್ಕೇ ಹೇಳುವುದು: ಅಸಲಿ ತೋರಿಸಿ, ಅವರ ಎದುರೇ ವಾಪಸ್ ಇಸ್ಕೊಳ್ಳಿ. ಗೆಜೆಟೆಡ್ ಅಧಿಕಾರಿ ಸಹಿ ಹಾಕಿದ ನಕಲು ಕೊಡಿ. ಅಸಲಿ ಇಟ್ಟುಕೊಳ್ಳದೆ ಕೆಲಸ ಕೊಡಲ್ಲ ಅನ್ನುವ ಜಾಗಕ್ಕೆ ಸೇರಬೇಡಿ.

ಫೈಲ್‌ನಲ್ಲಿ ಏನಿರಬೇಕು? ಎಸ್ಸೆಸ್ಸೆಲ್ಸಿ, ಪಿಯುಸಿ, ನರ್ಸಿಂಗ್ ಮಾರ್ಕ್ಸ್ ಕಾರ್ಡ್‌ಗಳು. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್, ಅದರ ನವೀಕರಣ. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಟ್ರ್ಯಾಕಿಂಗ್ ವ್ಯವಸ್ಥೆಯಲ್ಲಿ ಸಿಗುವ ಎನ್‌ಯುಐಡಿ ಸಂಖ್ಯೆ. ಬೇರೆ ರಾಜ್ಯಕ್ಕೆ ಹೋಗುವುದಾದರೆ ನಮ್ಮ ಕೌನ್ಸಿಲ್‌ನಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಅಲ್ಲಿನ ಕೌನ್ಸಿಲ್‌ನ ರಿಜಿಸ್ಟ್ರೇಷನ್. ಪಾಸ್‌ಪೋರ್ಟ್‌ಗೆ ಬೆಂಗಳೂರಿಗೆ ಓಡಬೇಕಾಗಿಲ್ಲ, ಹಾಸನದಲ್ಲೇ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರ ಇದೆ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ನ ದಾಖಲೆ, ಸಾಧ್ಯವಾದರೆ ಲಸಿಕೆ ಹಿಡಿದಿದೆಯಾ ಅಂತ ತೋರಿಸುವ ಆಂಟಿಬಾಡಿ ಟೈಟರ್ ರಿಪೋರ್ಟ್. ಇದನ್ನು ಎಲ್ಲರೂ ಮರೆಯುತ್ತಾರೆ, ಕೊನೇ ಗಳಿಗೆಯಲ್ಲಿ ಓಡಾಡುತ್ತಾರೆ.

ಹೆಸರು ಒಂದೇ ಥರ ಇರಲಿ. ನಮ್ಮಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಅಪ್ಪನ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಮದುವೆಯಾದ ಮೇಲೆ ಪಾಸ್‌ಪೋರ್ಟ್‌ನಲ್ಲಿ ಗಂಡನ ಹೆಸರು. ಇಲ್ಲಿ ಯಾರೂ ಕೇಳಲ್ಲ. ಗಲ್ಫ್‌ಗೆ ಅರ್ಜಿ ಹಾಕಿದಾಗ ಡೇಟಾಫ್ಲೋ ಅಂತ ಒಂದು ಪರಿಶೀಲನೆ ಇರುತ್ತದೆ. ಅವರು ನಿಮ್ಮ ಕಾಲೇಜು, ಕೌನ್ಸಿಲ್, ಹಳೇ ಆಸ್ಪತ್ರೆಗಳಿಗೆ ತಾವೇ ಬರೆದು ಕೇಳುತ್ತಾರೆ. ಒಂದು ಅಕ್ಷರ ಹೆಚ್ಚುಕಮ್ಮಿ ಆದರೆ ಅಲ್ಲಿಗೆ ನಿಂತಿತು.

ಹೆಜ್ಜೆ 3: ಸಂಬಳ ನೋಡಬೇಡಿ, ಉಳಿಯುವುದು ನೋಡಿ

ಒಂದು ಲೆಕ್ಕ ಹಾಕೋಣ. ಅಂಕಿ ನಾನು ಉದಾಹರಣೆಗೆ ಹಾಕಿಕೊಂಡಿದ್ದು, ನಿಮ್ಮದನ್ನು ನೀವು ತುಂಬಿ. ಹಾಸನದಲ್ಲಿ ಮನೆಯಿಂದ ಓಡಾಡಿಕೊಂಡು 18,000. ಬಸ್ಸು, ಮಧ್ಯಾಹ್ನದ ಊಟ 2,000. ಉಳಿದಿದ್ದು 16,000. ಬೆಂಗಳೂರಿನಲ್ಲಿ 27,000. ಊಟ ಸೇರಿ ಪಿಜಿ 8,500. ಬಸ್ಸು 1,500. ಸೋಪು, ಫೋನು, ನೈಟ್ ಡ್ಯೂಟಿಯ ಹಸಿವಿಗೆ ತಿಂದಿದ್ದು 2,500. ತಿಂಗಳಿಗೆ ಎರಡು ಸಲ ಊರಿಗೆ ಬಂದು ಹೋಗೋಕೆ 1,600. ಉಳಿದಿದ್ದು 12,900.

ಒಂಬತ್ತು ಸಾವಿರ ಜಾಸ್ತಿ ಸಂಬಳಕ್ಕೆ ಹೋಗಿ ಮೂರು ಸಾವಿರ ಕಮ್ಮಿ ಉಳಿಯಿತು. ಆಸ್ಪತ್ರೆಯವರೇ ಹಾಸ್ಟೆಲ್ ಕೊಟ್ಟರೆ ಲೆಕ್ಕ ತಿರುಗುತ್ತದೆ. ಕೊಡಲಿಲ್ಲ ಅಂದರೆ, ಆ ಮೂರು ಸಾವಿರ ನಿಮ್ಮ ಕಲಿಕೆಯ ಫೀಸ್ ಅಂತ ತಿಳಿಯಿರಿ. ಅಲ್ಲಿ ವೆಂಟಿಲೇಟರ್, ಡಯಾಲಿಸಿಸ್, ಹಾರ್ಟ್ ಆಪರೇಷನ್ ಆದ ಪೇಷಂಟ್ ನೋಡೋಕೆ ಸಿಗುತ್ತಾ? ಹೋಗಿ. ಇಲ್ಲಿ ಮಾಡುತ್ತಿದ್ದ ಅದೇ ಜನರಲ್ ವಾರ್ಡ್ ಅಲ್ಲೂ ಅಂದರೆ, ಸುಮ್ನೆ ಯಾಕೆ?

ಒಪ್ಪಂದದ ಹಾಳೆಯಲ್ಲಿ ಇವನ್ನು ಬೆರಳಿಟ್ಟು ಹುಡುಕಿ. ಎಷ್ಟು ಗಂಟೆಯ ಶಿಫ್ಟ್, ವಾರಕ್ಕೆ ಎಷ್ಟು. ಓವರ್‌ಟೈಮ್‌ಗೆ ದುಡ್ಡೋ, ಬದಲಿ ರಜೆಯೋ. ಐಸಿಯುಗೆ ಅಂತ ಕರೆದು ಬೇರೆ ವಾರ್ಡ್‌ಗೆ ಹಾಕಬಹುದಾ. ನೋಟಿಸ್ ಎಷ್ಟು ದಿನ. ಬಾಂಡ್ ಇದೆಯಾ, ಬಿಟ್ಟರೆ ಎಷ್ಟು ಕಟ್ಟಬೇಕು. ಅವಧಿಗೆ ಮೊದಲು ಅವರೇ ಕಳಿಸಿದರೆ ನಿಮಗೇನು. ಕೊನೆಯದನ್ನು ಯಾರೂ ಕೇಳಲ್ಲ. ಅಮೆರಿಕದ ನನ್ನ ಕ್ಲಾಸ್‌ಮೇಟ್ ಕೇಳುವುದೇ ಅದನ್ನು. ಅಲ್ಲಿ ಪೇಷಂಟ್ ಕಮ್ಮಿ ಅಂತ ಶಿಫ್ಟ್ ರದ್ದು ಮಾಡಿದರೆ ಆ ದಿನದ ಸಂಬಳ ಇಲ್ಲ. ಹಾಗಾಗಿ ವಾರಕ್ಕೆ ಇಷ್ಟು ಗಂಟೆ ಖಾತ್ರಿ ಅಂತ ಬರೆಸಿಕೊಂಡೇ ಸೈನ್ ಹಾಕುತ್ತಾಳೆ.

ಪಿಎಫ್ ಬಗ್ಗೆ ಎರಡು ಮಾತು. ಊರು ಬದಲಾದಾಗ ಪಿಎಫ್ ಬಿಡಿಸಿಕೊಂಡು ಗೋಲ್ಡ್ ತಗೊಳ್ಳುವುದು ನಮ್ಮ ಹುಡುಗಿಯರ ಅಭ್ಯಾಸ. ಬೇಡ. ಯುಎಎನ್ (ಪಿಎಫ್‌ನ ಖಾತೆ ಸಂಖ್ಯೆ) ಒಂದೇ ಇರಲಿ, ಹಳೇದನ್ನು ಹೊಸದಕ್ಕೆ ವರ್ಗಾಯಿಸಿ. ಪಿಂಚಣಿಗೆ ಒಟ್ಟು ಹತ್ತು ವರ್ಷ ಸೇವೆ ಬೇಕು, ವರ್ಗಾಯಿಸಿದರೆ ಬೇರೆ ಬೇರೆ ಆಸ್ಪತ್ರೆಯ ವರ್ಷಗಳೂ ಸೇರುತ್ತವೆ. ಗ್ರ್ಯಾಚುಯಿಟಿಗೆ, ಅಂದರೆ ಕೆಲಸ ಬಿಡುವಾಗ ಸೇವೆಗೆ ಕೊಡುವ ಇಡುಗಂಟಿಗೆ, ಮೊದಲು ಒಂದೇ ಕಡೆ ಐದು ವರ್ಷ ಆಗಬೇಕಿತ್ತು, ಸುತ್ತುವವರಿಗೆ ಅದು ಸಿಗುತ್ತಲೇ ಇರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ನಿಗದಿತ ಅವಧಿಯ ಒಪ್ಪಂದದವರಿಗೆ ಒಂದು ವರ್ಷಕ್ಕೇ ಅದರ ಹಕ್ಕಿದೆ. ಎಚ್‌ಆರ್‌ನವರು ತಾವಾಗಿ ಹೇಳುತ್ತಾರೆ ಅಂತ ಕಾಯಬೇಡಿ.

ಹೆಜ್ಜೆ 4: ಹೊರದೇಶಕ್ಕಾದರೆ ಏಜೆಂಟ್‌ನ ಬುಡ ನೋಡಿ

ಗಲ್ಫ್ ದೇಶಗಳೂ ಸೇರಿದ 18 ದೇಶಗಳಿಗೆ ನರ್ಸ್‌ಗಳು ಹೋಗಬೇಕಾದರೆ 2015ರಿಂದ ಸರ್ಕಾರ ಒಪ್ಪಿದ ಸಂಸ್ಥೆಗಳ ಮೂಲಕ, ಇ-ಮೈಗ್ರೇಟ್ ಅನ್ನುವ ಕೇಂದ್ರ ಸರ್ಕಾರದ ಆನ್‌ಲೈನ್ ವ್ಯವಸ್ಥೆಯಲ್ಲೇ ಹೋಗಬೇಕು. ಕೇರಳದವರಿಗೆ ನೋರ್ಕಾ ರೂಟ್ಸ್, ಒಡೆಪೆಕ್ ಅನ್ನುವ ಅವರ ಸರ್ಕಾರದ್ದೇ ಸಂಸ್ಥೆಗಳಿವೆ, ಅವರು ಇದರಲ್ಲಿ ನಮಗಿಂತ ಬಹಳ ಮುಂದೆ. ನಮ್ಮಲ್ಲಿ ಕರ್ನಾಟಕ ವೃತ್ತಿ ತರಬೇತಿ ಮತ್ತು ಕೌಶಲ್ಯ ಅಭಿವೃದ್ಧಿ ನಿಗಮದ ಅಡಿಯಲ್ಲಿ ಅಂತಾರಾಷ್ಟ್ರೀಯ ವಲಸೆ ಕೇಂದ್ರ ಇದೆ. ಮೊದಲು ಅಲ್ಲಿ ವಿಚಾರಿಸಿ.

ಖಾಸಗಿ ಏಜೆಂಟ್ ಆದರೆ ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ಲೈಸೆನ್ಸ್ ಸಂಖ್ಯೆ ಹುಡುಕಿ ನೋಡಿ, ಎರಡು ನಿಮಿಷದ ಕೆಲಸ. ಲೈಸೆನ್ಸ್ ಇರುವ ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. "ಮೂರು ಲಕ್ಷ ಆಗುತ್ತೆ, ಅರ್ಧ ಈಗ, ಅರ್ಧ ವೀಸಾ ಬಂದಮೇಲೆ" ಅಂದರೆ ಅಲ್ಲಿಂದ ಜಾಗ ಖಾಲಿ ಮಾಡಿ. "ಈಗ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ" ಅಂದರೂ ಅಷ್ಟೇ. ತೋಟದ ಅಡಿಕೆ ಅಡ ಇಟ್ಟು ದುಡ್ಡು ಕೊಟ್ಟು, ವಿಸಿಟ್ ವೀಸಾದಲ್ಲಿ ಹೋಗಿ, ಒಂದು ರೂಮಿನಲ್ಲಿ ಎಂಟು ಜನ ಕೂತು ಅತ್ತ ಹುಡುಗಿಯರನ್ನು ನಾನು ಗಲ್ಫ್‌ನಲ್ಲಿ ಕಂಡಿದ್ದೇನೆ.

ಹೊರಡುವ ಮುಂಚೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಮಾಡಿಸಿ. ಎರಡು ವರ್ಷಕ್ಕೆ 275 ರೂಪಾಯಿ ಕಂತು, ಹತ್ತು ಲಕ್ಷದ ವಿಮೆ. ಎರಡು ಮಸಾಲೆ ದೋಸೆಯ ದುಡ್ಡು.

ಇಂಗ್ಲೆಂಡ್‌ಗೆ ಇಲ್ಲೇ ಬರೆಯುವ ಸಿಬಿಟಿ ಅನ್ನುವ ಕಂಪ್ಯೂಟರ್ ಪರೀಕ್ಷೆ, ಅಲ್ಲಿಗೆ ಹೋಗಿ ಮಾಡುವ ಓಸ್ಕಿ ಅನ್ನುವ ಪ್ರಾಯೋಗಿಕ ಪರೀಕ್ಷೆ, ಜೊತೆಗೆ ಇಂಗ್ಲಿಷ್‌ಗೆ ಐಇಎಲ್‌ಟಿಎಸ್ ಅಥವಾ ಓಇಟಿ. ಜರ್ಮನಿಗೆ ಬಿ2 ಮಟ್ಟದ ಜರ್ಮನ್ ಭಾಷೆ. ಇವು ಸುತ್ತುವ ಕೆಲಸ ಅಲ್ಲ, ಹೋಗಿ ನೆಲೆಸುವ ದಾರಿ. ಹಾಗಾಗಿ ಇಲ್ಲಿಗೆ ಬಿಡುತ್ತೇನೆ.

ಹೆಜ್ಜೆ 5: ಮೊದಲ ಶಿಫ್ಟ್‌ನ ಮೊದಲ ಎರಡು ಗಂಟೆ

ನನ್ನ ಪ್ರಕಾರ ಈ ಕೆಲಸಕ್ಕೆ ಸಂಬಳ ಕೊಡುವುದೇ ಈ ಎರಡು ಗಂಟೆಗೆ. ಉಳಿದಿದ್ದನ್ನು ಯಾವ ಒಳ್ಳೆ ನರ್ಸ್ ಆದರೂ ಮಾಡುತ್ತಾಳೆ.

ಮಂಗಳೂರಿನ ಮೊದಲ ರಾತ್ರಿ. ಜುಲೈ, ಹೊರಗೆ ಮಳೆ ಹೊಡೆಯುತ್ತಿತ್ತು. ನಾಲ್ಕನೇ ಬೆಡ್‌ನಲ್ಲಿ ಅರವತ್ತರ ಆಸುಪಾಸಿನ ಅಜ್ಜ, ಬಿಪಿ ಎತ್ತಿಹಿಡಿಯುವ ನಾರ್‌ಅಡ್ರಿನಲಿನ್ ಸಿರಿಂಜ್ ಪಂಪ್‌ನಲ್ಲಿ ಓಡುತ್ತಿದೆ. ಸಿರಿಂಜ್ ಮುಗಿಯುತ್ತಾ ಬಂತು, ಹೊಸದು ತುಂಬಬೇಕು. ಬೆಂಗಳೂರಿನಲ್ಲಿ ನಾನು ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸ: 50 ಎಂಎಲ್‌ಗೆ 4 ಮಿಲಿಗ್ರಾಂ. ಆಂಪ್ಯೂಲ್ ಒಡೆದು ಎಳೆಯೋಕೆ ಶುರು ಮಾಡಿದೆ. ಪಕ್ಕದ ಬೆಡ್‌ನ ಸಿಸ್ಟರ್, ಕಾಸರಗೋಡಿನವರು, ತಮ್ಮ ಪೇಷಂಟ್‌ನ ಸಕ್ಷನ್ ಬಿಡದೆಯೇ ಕೇಳಿದರು, "ಮೋಳೇ (ಮಗಳೇ), ಎಷ್ಟು ಹಾಕ್ತಿದ್ದೀ?" ಅಲ್ಲಿ ಅವರು ಮಾಡುತ್ತಿದ್ದದ್ದು 50ಕ್ಕೆ 8 ಮಿಲಿಗ್ರಾಂ. ಪಂಪ್ ಗಂಟೆಗೆ 5 ಎಂಎಲ್‌ನಲ್ಲಿ ಓಡುತ್ತಿತ್ತು. ನನ್ನ ಸಿರಿಂಜ್ ಹಾಕಿದ್ದರೆ ಅಜ್ಜನಿಗೆ ಅರ್ಧ ಡೋಸ್ ಹೋಗಿ ಬಿಪಿ ನೆಲ ಕಚ್ಚುತ್ತಿತ್ತು. ಇದೇ ತಪ್ಪು ತಿರುಗಾಮುರುಗಾ ಆಗಿದ್ದರೆ ಎರಡರಷ್ಟು. ನನ್ನ ಕೈಯಲ್ಲಿ ತಪ್ಪಿರಲಿಲ್ಲ, ಆ ಕೈ ಬೇರೆ ಆಸ್ಪತ್ರೆಯದ್ದಾಗಿತ್ತು, ಅಷ್ಟೇ.

ಅವತ್ತಿನಿಂದ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್. ಹೊಸ ಆಸ್ಪತ್ರೆಗೆ ಹೊಸ ಪುಟ. ಹ್ಯಾಂಡೋವರ್‌ಗೆ, ಅಂದರೆ ಹಿಂದಿನ ಶಿಫ್ಟ್‌ನವರು ಪೇಷಂಟ್ ಒಪ್ಪಿಸುವ ಹೊತ್ತಿಗೆ, ಅರ್ಧ ಗಂಟೆ ಮುಂಚೆ ಹೋಗಿ ಇವನ್ನು ಬರೆದುಕೊಳ್ಳುತ್ತೇನೆ:

- ಕ್ರಾಶ್ ಕಾರ್ಟ್ (ತುರ್ತು ಔಷಧಿ, ಉಪಕರಣದ ಗಾಡಿ) ಎಲ್ಲಿದೆ, ಯಾವ ಡ್ರಾಯರ್‌ನಲ್ಲಿ ಏನಿದೆ. ಡ್ರಾಯರ್ ಒಮ್ಮೆ ಎಳೆದು ನೋಡಿ, ಕೆಲವು ಸಿಕ್ಕಿಹಾಕಿಕೊಳ್ಳುತ್ತವೆ.
- ಡಿಫಿಬ್ರಿಲೇಟರ್ (ಹೃದಯಕ್ಕೆ ಶಾಕ್ ಕೊಡುವ ಯಂತ್ರ) ಆನ್ ಮಾಡುವ ಗುಂಡಿ. ಒಂದೊಂದು ಕಂಪನಿಗೆ ಒಂದೊಂದು ಕಡೆ.
- ಹೈ ರಿಸ್ಕ್ ಔಷಧಿಗಳನ್ನು ಇಲ್ಲಿ ಹೇಗೆ ಬೆರೆಸುತ್ತಾರೆ: ನಾರ್‌ಅಡ್ರಿನಲಿನ್, ಹೆಪಾರಿನ್, ಪೊಟ್ಯಾಸಿಯಂ, ಇನ್ಸುಲಿನ್.
- ಕೋಡ್ ಬ್ಲೂ (ಹೃದಯ, ಉಸಿರು ನಿಂತಾಗ ತಂಡ ಕರೆಯುವ) ನಂಬರ್, ಬ್ಲಡ್ ಬ್ಯಾಂಕ್ ನಂಬರ್, ರಾತ್ರಿ ಫಾರ್ಮಸಿ ಎಲ್ಲಿ ತೆರೆದಿರುತ್ತೆ.
- ರಾತ್ರಿ ಎರಡಕ್ಕೆ ಡಾಕ್ಟರ್ ಬೇಕಾದರೆ ಮೊದಲು ಯಾರಿಗೆ ಫೋನ್.

ಇನ್ಸುಲಿನ್ ಬಗ್ಗೆ ಬೇರೆಯಾಗಿ ಹೇಳಲೇಬೇಕು. ನಮ್ಮಲ್ಲಿ ಇನ್ನೂ ಎಂಎಲ್‌ಗೆ 40 ಯೂನಿಟ್‌ನ ವಯಲ್, ಕೆಂಪು ಮುಚ್ಚಳದ 40ರ ಸಿರಿಂಜ್ ಓಡುತ್ತವೆ. ಒಮಾನ್‌ನಲ್ಲಿ ನಾನು ಕಂಡಿದ್ದು ಪೂರ್ತಿ 100 ಯೂನಿಟ್‌ನದ್ದು. 100ರ ಇನ್ಸುಲಿನ್ ಅನ್ನು 40ರ ಸಿರಿಂಜ್‌ನಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ. ವಯಲ್ ಮೇಲಿನ ಅಂಕಿ, ಸಿರಿಂಜ್ ಮೇಲಿನ ಅಂಕಿ, ಎರಡನ್ನೂ ಬಾಯಿಬಿಟ್ಟು ಓದಿ ಆಮೇಲೆ ಎಳೆಯಿರಿ. ಯಾರಾದರೂ ನಕ್ಕರೆ ನಗಲಿ.

"ನಮ್ಮಲ್ಲಿ ಹೀಗೆ ಮಾಡ್ತಿದ್ವಿ" ಅನ್ನುವ ಮಾತನ್ನು ಮೊದಲ ತಿಂಗಳು ನುಂಗಿಕೊಳ್ಳಿ. ಅದು ಸರಿಯೇ ಇದ್ದರೂ ಕೇಳಿದವರಿಗೆ ಮೈ ಉರಿಯುತ್ತದೆ. ಬದಲಿಗೆ "ನಿಮ್ಮಲ್ಲಿ ಇದನ್ನ ಹೇಗೆ ಮಾಡ್ತೀರಾ?" ಅಂತ ಕೇಳಿ. ವಾರ್ಡ್‌ನ ಆಯಾ, ಅಟೆಂಡರ್ ಜೊತೆ ಮೊದಲು ಸ್ನೇಹ ಮಾಡಿ. ಬೆಡ್‌ಶೀಟ್ ಎಲ್ಲಿದೆ ಅನ್ನುವುದರಿಂದ ಹಿಡಿದು ಯಾವ ಡಾಕ್ಟರ್ ಯಾವಾಗ ಬೈತಾರೆ ಅನ್ನುವವರೆಗೆ ಅವರಿಗೆ ಗೊತ್ತಿರುತ್ತೆ.

ಹೆಜ್ಜೆ 6: ಡ್ಯೂಟಿ ಮುಗಿದ ಮೇಲಿನ ಬದುಕು

ಇದನ್ನು ಹೇಳದೆ ಕಳಿಸಿದರೆ ಮೋಸ. ಹೊಸ ಊರಿನ ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಒಂಬತ್ತಕ್ಕೆ ರೂಮಿಗೆ ಬಂದರೆ, ಬಾಗಿಲು ತೆಗೆಯುವವರು ಇರುವುದಿಲ್ಲ. ಮಸ್ಕತ್‌ನ ಮೊದಲ ದೀಪಾವಳಿಯಲ್ಲಿ ಅಮ್ಮ ವಿಡಿಯೋ ಕಾಲ್ ಮಾಡಿ ಹಾಸನಾಂಬೆಯ ದರ್ಶನದ ಸಾಲು ತೋರಿಸಿದರು. ಕ್ಯೂನಲ್ಲಿ ನಿಂತವರೆಲ್ಲ ಬಿಸಿಲಿಗೆ ಬೈಯುತ್ತಿದ್ದರು. ನಾನು ಹಾಸಿಗೆಯಲ್ಲಿ ಕೂತು ಆ ಬೈಗುಳ ಕೇಳಿಯೇ ಅತ್ತೆ.

ಕಪ್ಪು ಪರದೆ ಒಂದು ಜೊತೆ ತಗೊಂಡು ಹೋಗಿ, ಹಗಲು ನಿದ್ದೆಗೆ. ಚಟ್ನಿಪುಡಿ, ಮನೆಯ ಕಾಫಿಪುಡಿ. ಕಾಲಿಗೆ ಒಳ್ಳೆ ಶೂ, ಇದರಲ್ಲಿ ಜುಗ್ಗತನ ಬೇಡ. ವಾರಕ್ಕೆ ಒಂದು ದಿನ ಆಸ್ಪತ್ರೆಯವರಲ್ಲದ ಯಾರ ಜೊತೆಗಾದರೂ ಮಾತಾಡಿ. ಮನೆಯವರಿಗೆ ನಿಮ್ಮ ಡ್ಯೂಟಿ ಪಟ್ಟಿ ತಿಂಗಳ ಮೊದಲೇ ಕಳಿಸಿ. "ಫೋನ್ ಯಾಕೆ ಎತ್ತಲಿಲ್ಲ" ಅನ್ನುವ ಜಗಳ ಅರ್ಧ ಕಮ್ಮಿಯಾಗುತ್ತದೆ.

ಮದುವೆ ಮಾತು ಬಂದೇ ಬರುತ್ತದೆ. "ಊರೂರು ಸುತ್ತೋ ಹುಡುಗಿ" ಅಂತ ನನ್ನ ಅತ್ತೆಯಾಗಬೇಕಿದ್ದ ಒಬ್ಬರು ಅಂದಿದ್ದರು. ಆಗಲಿಲ್ಲ. ಒಳ್ಳೆಯದೇ ಆಯಿತು.

ಇಷ್ಟೆಲ್ಲ ಮಾಡಿ ಸಿಗೋದೇನು?

ದುಡ್ಡು ಗಲ್ಫ್‌ನಲ್ಲಿ ಉಳಿಯಿತು, ಸುಳ್ಳು ಹೇಳಲ್ಲ. ಉಳಿದುಕೊಳ್ಳೋಕೆ ಜಾಗ, ಟಿಕೆಟ್ ಅವರೇ ಕೊಟ್ಟಿದ್ದರಿಂದ ತಂಗಿಯ ಬಿಎಸ್ಸಿ ನರ್ಸಿಂಗ್ ಫೀಸ್ ಕಟ್ಟಿದೆ, ಮನೆಯ ಹೆಂಚು ತೆಗೆಸಿ ಆರ್‌ಸಿಸಿ ಹಾಕಿಸಿದೆ. ದೇಶದ ಒಳಗೆ ಸುತ್ತಿದ್ದರಲ್ಲಿ ದುಡ್ಡಿಗಿಂತ ಬೇರೆಯದು ಸಿಕ್ಕಿತು. ಕೆಲಸ ಇನ್ನೊಂದು ಥರದಲ್ಲೂ ಆಗುತ್ತದೆ ಅನ್ನುವುದನ್ನು ಕಣ್ಣಾರೆ ಕಂಡೆ. ಒಮಾನ್‌ನಲ್ಲಿ ಪೇಷಂಟ್ ಪಕ್ಕ ನಿಂತೇ, ಎರಡು ಜನ ಸೇರಿ, ಓಡುತ್ತಿರುವ ಪ್ರತಿ ಡ್ರಿಪ್ ಮುಟ್ಟಿ ನೋಡಿ ಹ್ಯಾಂಡೋವರ್ ಕೊಡುತ್ತಿದ್ದೆವು. ಇಲ್ಲಿ ಟೇಬಲ್ ಹತ್ತಿರ ಕೂತು ಕೇಸ್ ಶೀಟ್ ಓದುತ್ತಿದ್ದರು. ನಾನು ಬಂದ ಮೇಲೆ ನಮ್ಮ ಐಸಿಯುನಲ್ಲಿ ಅದನ್ನು ಬದಲಾಯಿಸಿದೆ. ಮೊದಲ ವಾರ ಎಲ್ಲರೂ ಗೊಣಗಿದರು. ಎರಡನೇ ವಾರ ಖಾಲಿಯಾಗಿ ನಿಂತಿದ್ದ ಒಂದು ಪಂಪ್ ಹ್ಯಾಂಡೋವರ್‌ನಲ್ಲೇ ಸಿಕ್ಕಿತು, ಗೊಣಗಾಟ ನಿಂತಿತು. ಇನ್‌ಚಾರ್ಜ್ ಹುದ್ದೆಯ ಇಂಟರ್ವ್ಯೂನಲ್ಲಿ ನನಗೆ ಜಾಸ್ತಿ ಕೇಳಿದ್ದೂ ಇಂಥವನ್ನೇ.

ನಷ್ಟವೂ ಇದೆ. ನನ್ನ ಜೊತೆ ಓದಿ ಹಾಸನದಲ್ಲೇ ಉಳಿದವರಲ್ಲಿ ಇಬ್ಬರು ಸರ್ಕಾರಿ ಶುಶ್ರೂಷಾಧಿಕಾರಿ ಆದರು. ನಾನು ವಾಪಸ್ ಬರುವಾಗ ಆ ವಯಸ್ಸಿನ ಮಿತಿ ದಾಟಿತ್ತು. ಸರ್ಕಾರಿ ಕೆಲಸದ ಆಸೆ ಇರುವವರು ಹೊರಡುವ ಮುಂಚೆ ನಿಮ್ಮ ವರ್ಗದ ವಯೋಮಿತಿ ನೋಡಿ, ಎಷ್ಟು ವರ್ಷ ಸುತ್ತಬಹುದು ಅಂತ ಹಿಂದಿನಿಂದ ಲೆಕ್ಕ ಹಾಕಿ. ಎರಡು ಕೆಲಸದ ಮಧ್ಯೆ ಜಾಸ್ತಿ ಖಾಲಿ ಬಿಡಬೇಡಿ. ಆರು ತಿಂಗಳ ಮೇಲಾದರೆ ಎಲ್ಲ ಕಡೆ ಕಾರಣ ಕೇಳುತ್ತಾರೆ.

ಕೊನೆಯ ದಿನದ ಕೆಲಸ

ಒಪ್ಪಂದ ಮುಗಿಯುವ ದಿನ ಎಲ್ಲರೂ ಕೇಕ್ ಕತ್ತರಿಸಿ, ಗ್ರೂಪ್ ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಆಮೇಲೆ ಅನುಭವ ಪತ್ರಕ್ಕೆ ಫೋನ್ ಮಾಡಿದರೆ ಎಚ್‌ಆರ್ ಬದಲಾಗಿರುತ್ತಾರೆ.

ಹದಿನೈದು ದಿನ ಮುಂಚೆಯೇ ಅನುಭವ ಪತ್ರದ ಕರಡು ನೀವೇ ಬರೆದು ಕೊಡಿ. ಅದರಲ್ಲಿ ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಯಾವ ವಿಭಾಗ, ಆ ವಿಭಾಗದಲ್ಲಿ ಎಷ್ಟು ಬೆಡ್, ಆಸ್ಪತ್ರೆ ಒಟ್ಟು ಎಷ್ಟು ಬೆಡ್, ಪೂರ್ಣಾವಧಿ ಕೆಲಸ ಅನ್ನುವುದು, ಇಷ್ಟೂ ಇರಲಿ. ಸುಮ್ನೆ "ಸ್ಟಾಫ್ ನರ್ಸ್ ಆಗಿ ಕೆಲಸ ಮಾಡಿದ್ದಾರೆ" ಅಂತ ಎರಡು ಸಾಲು ಕೊಟ್ಟರೆ ಡೇಟಾಫ್ಲೋದಲ್ಲಿ ಒದ್ದಾಡುತ್ತೀರಿ. ಲೆಟರ್‌ಹೆಡ್, ಸೀಲು, ಸಹಿ ಹಾಕಿದವರ ಹೆಸರು ಮತ್ತು ಹುದ್ದೆ ಓದುವ ಹಾಗಿರಲಿ. ರಿಲೀವಿಂಗ್ ಲೆಟರ್, ಕೊನೆಯ ಮೂರು ತಿಂಗಳ ಸಂಬಳದ ಚೀಟಿ ಅದರ ಜೊತೆಗೆ.

ಇವೆಲ್ಲ ಕೈಗೆ ಬಂದ ಮೇಲೆ ಐಡಿ ಕಾರ್ಡ್ ವಾಪಸ್ ಕೊಡಿ. ಅದಕ್ಕಿಂತ ಮುಂಚೆ ಕೊಡಬೇಡಿ. ಕಾರ್ಡ್ ಇಲ್ಲದಿದ್ದರೆ ಗೇಟ್‌ನ ಸೆಕ್ಯುರಿಟಿ ನಿಮ್ಮನ್ನು ಎಚ್‌ಆರ್ ರೂಮಿನವರೆಗೂ ಬಿಡುವುದಿಲ್ಲ. ನಿನ್ನೆವರೆಗೂ ಗುಡ್ ಮಾರ್ನಿಂಗ್ ಸಿಸ್ಟರ್ ಅಂದವನೇ ಆಗಿದ್ದರೂ ಬಿಡುವುದಿಲ್ಲ.